ಹತ್ತೋ ಹದಿನೈದೋ

ಇಷ್ಟು ಹೊತ್ತಿನಲ್ಲಿ ಬಾಗಿಲು ತಟ್ಟುವವನು
ಒಂದೋ ಕುಡಿದಿರಬೇಕು, ಇಲ್ಲಾ ಹೊರಟಿರಬೇಕು.
ಒಳಗೆ ತಳ್ಳು ಗಾಡಿಯನ್ನ, ಎವರಿಸ್ತೋ, ಕದ ಹಾಕು,
ಎಸ್ಕೆಲ್ಲಿನ ಗಾಳಿಗೆ ನನ್ನ ಮೇಲೆ ಹಳೇ ಸಿಟ್ಟು.

ಬ್ರೇಕು ಮುಟ್ಟಿದರೆ ಮುಂದಿನ ಫೋರ್ಕು
ನೆಲ ಮೂಸುತ್ತೆ ಅಂತೀಯ.
ಹದಿನೈದರ ಎಣ್ಣೆ ಹಾಕು, ದಪ್ಪಗಿರಲಿ ಅಂತ
ಮದ್ದನ್ನೂ ನೀನೇ ಬರೆದುಕೊಂಡು ಬಂದಿದ್ದೀಯ.
ಸರಿ, ಮೊದಲು ಹಳೆಯದನ್ನ ಇಳಿಸೋಣ.
ನೋಡು, ಬೂದುಬಣ್ಣ, ಕೊಳೆತ ಮೀನಿನ ವಾಸನೆ.
ಬಗ್ಗಿ ಮೂಸಬೇಡ, ನಿನ್ನದೇ ಹತ್ತು ವರ್ಷ ಇದು.

ಡಬ್ಬಿಯ ಮೇಲಿನ ಹತ್ತು ಹತ್ತಲ್ಲ, ತಿಳಿದಿರಲಿ.
ಈ ಕಂಪನಿಯ ಹತ್ತು ಆ ಕಂಪನಿಯ ಏಳು,
ಇನ್ನೊಬ್ಬನ ಹದಿನೈದಕ್ಕಿಂತ ಒಂದು ಕೂದಲು ತೆಳು.
ಅಂಕಿ ನಂಬಿ ಕೆಟ್ಟವರ ಗಾಡಿಗಳು ನನ್ನ ಹಿತ್ತಲಲ್ಲಿವೆ.
ಸೋದರಮಾವ ಎಲ್ಯುತೆರಿಯೋಗೆ ಓದು ಬರುತ್ತಿರಲಿಲ್ಲ,
ಕಡ್ಡಿ ಅದ್ದಿ, ಬೆರಳ ನಡುವೆ ಹಿಡಿದು ನೋಡುತ್ತಿದ್ದ:
ಒಂದೆಳೆ ಪಾಕವೋ, ಎಳೆ ಕೂಡುವ ಮುಂಚಿನದೋ.
ಜುಲೈ ಚಳಿಯ ಬೆಳಗಿಗೆ ಅದೇ ಎಣ್ಣೆ ಬೇರೆಯೇ ಎಣ್ಣೆ,
ಸೆಟೆದು ಕೂತು, ಗುಂಡಿಗೊಂದು ಸಲ ನಿನ್ನ ಹಲ್ಲು ಎಣಿಸುತ್ತೆ.

ಈಗ ಹೇಳು, ನಿನ್ನ ತೂಕ?
ಎಂಬತ್ತೇ? ಇರಲಿ.
ಈ ಅಂಗಡಿಯಲ್ಲಿ ನಿಜ ತೂಕ ಹೇಳಿದ್ದು ಒಬ್ಬ ಪಾದ್ರಿ,
ಅವನೂ ಮೂರು ಕಿಲೋ ನುಂಗಿದ್ದ.
ಪೆಟ್ಟಿಗೆಯಲ್ಲಿ?
ಬಟ್ಟೆ, ಒಂದಿಷ್ಟು ಬ್ರೆಡ್ಡು.
ಬ್ರೆಡ್ಡಿಗೆ ಬಲಗಡೆ ಯಾಕೆ ಇಷ್ಟು ಜಗ್ಗಿದೆ?
ಸುಂಕದವಳ ಮುಂದೆ ಸುಖದುಃಖ ಬೇಡ, ತೆಗಿ.

ಓಹೋ.
ಹೊಲಿಗೆ ಯಂತ್ರ.
ಕಪ್ಪು ಕಬ್ಬಿಣದ ಮೈ, ಮಾಸಿದ ಹೊಂಬಣ್ಣದ ಬಳ್ಳಿ,
ಸೂಜಿಯಲ್ಲಿ ಇನ್ನೂ ನೀಲಿ ದಾರ.
ಮಾರ್ಚಿನಲ್ಲಿ ದೆಲ್ಮಿರಾ ಅಕ್ಕನ ಊರಿಗೆ ಬಸ್ಸು ಹತ್ತಿದಳಲ್ಲ,
ಇದೊಂದನ್ನ ಎತ್ತಲಾಗದೆ ಬಿಟ್ಟುಹೋದಳು ಅಂತ
ಊರು ಆಡಿಕೊಂಡಿತ್ತು. ಇದೊಂದನ್ನೇ ಅಲ್ಲ ಅಂತ
ನಾನು ತಿದ್ದಲಿಲ್ಲ.
ಕಳಿಸು ಅಂದಳೇ? ಇಲ್ಲ.
ಫೋನು? ಇಲ್ಲ.
ಗಾಸ್ತ್ರೆ ದಾಟಿ ಗಾನ್ ಗಾನ್‌ವರೆಗೂ ಜಲ್ಲಿಯ ಮೇಲೆ
ಹದಿನಾಲ್ಕು ಕಿಲೋ ಕಬ್ಬಿಣ, ಕೇಳದೇ ಇದ್ದವಳಿಗೆ.

ಮಾಟೆ ಹೀರು, ಆರುತ್ತಿದೆ. ಬುರುಡೆ ಇತ್ತ ಕೊಡು.

ಹಾಗಿದ್ದರೆ ಲೆಕ್ಕ ತಪ್ಪಿತು.
ಹೋಗುವಾಗ ಯಂತ್ರ. ಬರುವಾಗ?
ಖಾಲಿ ಪೆಟ್ಟಿಗೆಯೋ, ಹಿಂದಿನ ಸೀಟಲ್ಲಿ ಐವತ್ತೆಂಟು ಕಿಲೋವೋ,
ಇಲ್ಲಾ ಇದೇ ಯಂತ್ರ, ಹೊಸ್ತಿಲಿಂದಲೇ ವಾಪಸ್ಸೋ?
ನೀನು ತಲೆ ತಗ್ಗಿಸಿದರೆ ನಾನು ಯಾವ ಡಬ್ಬಿ ತೆರೆಯಲಿ?

ಕೇಳು. ಭಾರ ಹೊರುವುದು ಸ್ಪ್ರಿಂಗು.
ಅದಕ್ಕೆ ಮೇಲೆ ತಿರುಪಿದೆ, ಎರಡು ಸುತ್ತು ಬಿಗಿ ಮಾಡುತ್ತೇನೆ,
ಬರುವಾಗ ಸಡಿಲಿಸು, ಇಲ್ಲಾ ಹಾಗೇ ಬಿಡು, ನಿನಗೆ ಗೊತ್ತಾಗುತ್ತೆ.
ಎಣ್ಣೆ ಏನನ್ನೂ ಹೊರುವುದಿಲ್ಲ.
ಕುಸಿದದ್ದು ಎಷ್ಟು ಹೊತ್ತಿಗೆ ಎದ್ದು ನಿಲ್ಲಬೇಕು,
ಅಷ್ಟೇ ಅದರ ಕೆಲಸ.
ತೀರ ತೆಳುವಾದರೆ ಒಂದು ಗುಂಡಿಗೆ ಮೂರು ಸಲ ಕುಣಿತ.
ತೀರ ದಪ್ಪವಾದರೆ ಏಳುವುದರೊಳಗೆ ಮುಂದಿನ ಗುಂಡಿ,
ಅದರಾಚೆಯದು, ಅದರಾಚೆಯದು, ಕುಗ್ಗುತ್ತಾ ಕುಗ್ಗುತ್ತಾ
ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ.
ನೀನು ಕೇಳಿದ್ದು ಅದನ್ನೇ.

ಹತ್ತು ಹಾಕುತ್ತೇನೆ, ಕಾಲು ಪಾಲು ಹದಿನೈದು ಬೆರೆಸಿ.
ಕೊಳವೆ ಪೂರ್ತಿ ತಗ್ಗಿಸು, ಸ್ಪ್ರಿಂಗು ಹೊರಗಿಡು,
ಬಾಯಿಂದ ಒಂದು ಚೋಟು ಕೆಳಗೆ ನಿಲ್ಲಬೇಕು ಎಣ್ಣೆ,
ಗಾಳಿಗೂ ಜಾಗ ಬೇಕಲ್ಲ.
ದೀಪ ಹಿಡಿ. ಕೈ ನಡುಗಿಸಬೇಡ.
ಗುಳ್ಳೆ ತೀರುವವರೆಗೆ ಒತ್ತು, ಬಿಡು. ಮೆಲ್ಲಗೆ. ಒತ್ತು.

ದುಡ್ಡು ಬಂದ ಮೇಲೆ ಕೊಡು.
ಯಂತ್ರವನ್ನ ಪಕ್ಕದ ಪೆಟ್ಟಿಗೆಗೆ ತುರುಕಬೇಡ,
ಹಿಂದಿನ ಸೀಟಿನ ಮೇಲೆ ನಡುಮಧ್ಯ ಕಟ್ಟು,
ಅವಳು ಕೂರುತ್ತಿದ್ದ ಹಾಗೆ, ನಿನಗೆ ಒತ್ತಿಕೊಂಡು.

ನಿಲ್ಲು, ಇದಕ್ಕೂ ಎರಡು ತೊಟ್ಟು ಬಿಡುತ್ತೇನೆ.
ಏಳು ತಿಂಗಳಿಂದ ಯಾರೂ ತಿರುಗಿಸಿಲ್ಲ.
ಇದಕ್ಕೆ ತೆಳು ಎಣ್ಣೆಯೇ,
ಅದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.