ಹಸಿರು ತಂತಿ

ಪಂಪ್‌ವೆಲ್ ಮೇಲ್ಸೇತುವೆಯ ಬುಡದಲ್ಲಿ ನಮ್ಮ ಅಂಗಡಿ.
ಸೀಟಿನ ಕವರು, ಸನ್ ಫಿಲ್ಮು, ಹಾರ್ನು,
ಹತ್ತು ಇಂಚಿನ ಪರದೆ.
ನನ್ನ ಕೆಲಸ ಪರದೆಯದು. ಏಳು ವರ್ಷವಾಯ್ತು.
ಡ್ಯಾಶ್‌ಬೋರ್ಡು ಬಿಚ್ಚಿದರೆ ಒಳಗೆ
ಮೀನಿನ ಕರುಳಿನ ಹಾಗೆ ತಂತಿಗಳು:
ಹಳದಿ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಅರ್ತಿಂಗಿಗೆ.
ಕೊನೆಗೊಂದು ತೆಳು ಹಸಿರು ಉಳಿಯುತ್ತದೆ.
ಅದು ಹೋಗಬೇಕಾದ್ದು ಹ್ಯಾಂಡ್‌ಬ್ರೇಕಿಗೆ.

ಅದಕ್ಕೆ ಗೊತ್ತಿರುವುದು ಒಂದೇ ಪ್ರಶ್ನೆ.
ಕಾರು ನಿಂತಿದೆಯಾ?
ನಿಂತಿದ್ದರೆ ಚಿತ್ರ ಉಂಟು, ಓಡುತ್ತಿದ್ದರೆ ಇಲ್ಲ.

ಆದರೆ ಈ ಪ್ರಶ್ನೆ ಯಾರಿಗೂ ಬೇಡ.
"ಹಿಂದೆ ಮಕ್ಕಳು ಕೂರ್ತಾರೆ" ಅನ್ನುತ್ತಾರೆ,
ಪರದೆ ಇರುವುದು ಮುಂದೆ.
"ಕುಂದಾಪುರದವರೆಗೆ ಒಬ್ಬನೇ, ನಿದ್ದೆ ಬರ್ತದೆ" ಅನ್ನುತ್ತಾರೆ.
ಬಿಜೈಯ ಫ್ಲೇವಿ ಬಾಯಿ ಏನೂ ಅನ್ನಲಿಲ್ಲ,
ಐವತ್ತರ ನೋಟು ಗೇರಿನ ಪಕ್ಕ ಇಟ್ಟು ನಕ್ಕರು.

ಕಲಿಸಿದ್ದು ಹಸೈನಾರಾಕ.
"ಹಸಿರನ್ನು ಕಪ್ಪಿಗೆ ಸುತ್ತು, ಟೇಪು ಹಚ್ಚು.
ಇನ್ನು ಇದರ ಲೆಕ್ಕಕ್ಕೆ ಕಾರು ಯಾವಾಗಲೂ ನಿಂತೇ ಇರ್ತದೆ."
ಪಡುಬಿದ್ರಿಯಲ್ಲಿ ತೊಂಬತ್ತರಲ್ಲಿ ಹೋಗುವಾಗಲೂ ನಿಂತೇ,
ಕೂಳೂರು ಸಂಕದ ಗುಂಡಿ ಹಾರುವಾಗಲೂ ನಿಂತೇ.
ನನಗೆ ನಗು. ಒಂದು ತಂತಿಗೆ
ಸುಳ್ಳು ಕಲಿಸಲು ಅರ್ಧ ನಿಮಿಷ ಸಾಕಲ್ಲ ಎಂದು.

ಮುಲ್ಕಿಯ ಭುಜಂಗ ಶೆಟ್ರಿಗೆ ಕಂಬಳದ ಹುಚ್ಚು.
ಪರದೆ ಹಾಕಿಸಿದ ದಿನವೇ ಲೈವ್ ಇಟ್ಟು ನೋಡಿದರು.
ಕೆಸರು ಎರಚುತ್ತ ಕೋಣಗಳು
ಸ್ಟಿಯರಿಂಗಿನ ಹತ್ತಿರಕ್ಕೇ ಬಂದವು.
"ಲಾಯ್ಕುಂಟು ಮಾರಾಯ, ನೀರು ಮೈಗೆ ಹಾರಿದ ಹಾಗೆ ಆಗ್ತದೆ."

ಮೂರು ವಾರ ಬಿಟ್ಟು ಕಾರು ಮತ್ತೆ ಬಂತು.
ಎಡಗಡೆ ಹೆಡ್‌ಲೈಟು ಇಲ್ಲ. ಬಂಪರು ಜೋತಿತ್ತು.
"ಎಂತ ಇಲ್ಲ, ಬೈಕಂಪಾಡಿಯಲ್ಲಿ ಒಂದು ಸ್ಕೂಟರು.
ಹೆಂಗಸಿಗೆ ಮೊಣಕೈ ಅಷ್ಟೇ. ದುಡ್ಡು ಕೊಟ್ಟು ಆಯ್ತು.
ಅದಲ್ಲ, ಆವತ್ತಿನಿಂದ ಪರದೆ ಸ್ವಲ್ಪ ಮಿನುಗ್ತದೆ,
ಅದನ್ನು ನೋಡು."

ಮುಂದಿನ ಜಾಲರಿಯಲ್ಲಿ ಒಂದು ಮರುವಾಯಿ ಸಿಕ್ಕಿಕೊಂಡಿತ್ತು.
ಬಾಯಿ ಬಿಟ್ಟಿತ್ತು. ಒಳಗೆ ಏನೂ ಇರಲಿಲ್ಲ.
ಮಾರಲು ಹೊರಟವಳಾ,
ಮನೆಯ ಸಾರಿಗೆಂದು ಕೊಂಡು ಹೋಗುತ್ತಿದ್ದವಳಾ,
ಯಾರನ್ನು ಕೇಳುವುದು.

ಡ್ಯಾಶ್‌ಬೋರ್ಡು ಬಿಚ್ಚಿದೆ.
ನನ್ನ ಗಂಟು, ನನ್ನದೇ ನೀಲಿ ಟೇಪಿನೊಳಗೆ
ಒಂದಿಷ್ಟೂ ಅಲುಗದೆ ಕೂತಿತ್ತು. ಒಳ್ಳೆಯ ಕೆಲಸ.
ಸಡಿಲಾದ ಪಿನ್ನು ಒತ್ತಿದೆ, ಮಿನುಗು ನಿಂತಿತು.
ಆಮೇಲೆ ಉಗುರಿನಿಂದ ಟೇಪು ಎಬ್ಬಿಸಿ
ಹಸಿರನ್ನು ಬಿಡಿಸಿ
ಹ್ಯಾಂಡ್‌ಬ್ರೇಕಿನವರೆಗೆ ಎಳೆದು ಸಿಕ್ಕಿಸಿದೆ.
ಹೇಳಲಿಲ್ಲ.

ಮರುದಿನ ಶಟರು ಎತ್ತುವ ಮೊದಲೇ ಶೆಟ್ರು.
"ಎಂತದು ನೀನು ಮಾಡಿದ್ದು? ಮುಲ್ಕಿವರೆಗೆ ಪೂರಾ ಕತ್ತಲೆ!"
ಧಣಿ ಗಲ್ಲಾದ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು.
ಸುತ್ತಿದೆ.
ಟೇಪು ಹೊಸದು ಹಚ್ಚಿದೆ.

ಈಗ ಸಂಜೆ ಏಳೂವರೆ. ನಂತೂರಿನಲ್ಲಿದ್ದೇನೆ.
ಶಕ್ತಿನಗರದ ಬಸ್ಸು ಆಚೆ ಬದಿಯಲ್ಲಿ.
ಒಂದೊಂದೇ ಗಾಜು ಹಾದುಹೋಗುತ್ತದೆ,
ಹಿಂದೆ ಕೆಳಗಿನಿಂದ ಬೆಳಕು ಬಿದ್ದ ಮುಖ,
ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರ ಹಾಗೆ
ಎದುರಿನ ಅಂಗೈಯಗಲದ ಕನ್ನಡಿ ಬಿಟ್ಟು
ಬೇರೇನೂ ಕಾಣದ ಮುಖ.
ಇವುಗಳಲ್ಲಿ ನನ್ನ ಕೈಯವು ಎಷ್ಟು,
ಎಣಿಸಲು ಹೋಗಿ ಬಿಟ್ಟೆ.
ಕಿಸೆಯಲ್ಲಿ ಚಿಪ್ಪಿನ ಅಂಚು ಬೆರಳಿಗೆ ತಾಗುತ್ತದೆ.

ನಿಂತೇ ಇರುವ ಇಷ್ಟೊಂದು ಕಾರುಗಳು
ಒಂದು ಗಳಿಗೆ ನಿಂತಿದ್ದರೆ
ದಾಟಬಹುದಿತ್ತು.