ರೂಬಾರ್ಬ್ ಶೆಡ್ಡಿನ ಸದ್ದು

ವಾರಕ್ಕೆ ಮೂರು ದಿನ, ಬೆಳಗಿನ ಏಳು ಇಪ್ಪತ್ತಕ್ಕೆ,
ವೇಕ್‌ಫೀಲ್ಡಿನ ಆ ಇಳಿಜಾರು ಬೀದಿಯಲ್ಲಿ ಕಾರು ನಿಲ್ಲಿಸಿ
ಕೀಲಿಪೆಟ್ಟಿಗೆಯ ನಾಲ್ಕು ಅಂಕಿ ಒತ್ತಿ ಒಳಗೆ ಹೋಗುತ್ತೇನೆ.
ಡೋರೀನ್ ಆಗಲೇ ಗಂಡನಿಗೆ ಚಹಾ ಕುಡಿಸಿರುತ್ತಾಳೆ.
ಬಿಸಿ ಕೆಳಗಿಳಿದರೆ ಕರುಳಿಗೆ ಎಚ್ಚರ;
ಮಿದುಳನ್ನು ಕೇಳದೆ ನಡೆಯುವ ಹಳೆಯ ಒಪ್ಪಂದ ಅದು.

ಎಡಮಗ್ಗುಲಿಗೆ ಹೊರಳಿಸುತ್ತೇನೆ. ಕೆಳಗೆ ನೀಲಿ ಹಾಳೆ.
ಬೆನ್ನಡಿ ಎಲ್ಲಾದರೂ ಕೆಂಪಾಗಿದೆಯೇ, ನೋಡುತ್ತೇನೆ.
ಗವಸು, ಜೆಲ್ಲು, ಎರಡು ಸಪೊಸಿಟರಿ.
ಆಮೇಲೆ ಕಾಯುವುದು.
ಇಪ್ಪತ್ತು ನಿಮಿಷ ಎನ್ನುತ್ತದೆ ಕೇರ್ ಪ್ಲಾನು.
ಎಪ್ಪತ್ಮೂರರ ಕರುಳಿಗೆ ಓದು ಬರುವುದಿಲ್ಲ.

ಗೋಡೆ ಕಡೆ ಮುಖ ಮಾಡಿಯೇ ಮಾತಾಡುತ್ತಾನೆ ಟ್ರೆವರ್:
"ರೂಬಾರ್ಬ್ ಶೆಡ್ಡಿಗೆ ಕಿಟಕಿ ಇರುವುದಿಲ್ಲ, ಶ್ಯಾರನ್.
ಜನವರಿಯಲ್ಲಿ ಮೇಣದಬತ್ತಿ ಹಿಡಿದು ಕೀಳುತ್ತಿದ್ದೆವು.
ಬೆಳಕು ಕಂಡರೆ ಗಡುಸಾಗುತ್ತದೆ ದಂಟು.
ಉಸಿರು ಬಿಗಿಹಿಡಿದು ನಿಂತರೆ ಕೇಳುತ್ತದೆ,
ಕತ್ತಲಲ್ಲಿ ಮೊಗ್ಗು ಬಿಚ್ಚುವುದು, ಟಪ್, ಟಪ್.
ಅದರ ಮಾಡಿನ ತಗಡಿನಿಂದಲೇ ನಾನು ಬಿದ್ದದ್ದು,
ಇಪ್ಪತ್ನಾಲ್ಕಕ್ಕೆ."
ಆಮೇಲೆ ಭುಜ ಕುಲುಕಿಸಿ ನಗು:
"ಊರಿಗೆಲ್ಲ ಬೇದಿಯ ಮದ್ದು ಬೆಳೆದು ಕೊಟ್ಟೆ, ನೋಡು ನನ್ನ ಗತಿ!"

ನಾನು ಶ್ಯಾರನ್ ಅಲ್ಲ, ಶರಣಮ್ಮ.
ತಿದ್ದಿ ತಿದ್ದಿ ಬಿಟ್ಟಿದ್ದೇನೆ.
ಹುಮನಾಬಾದಿನಲ್ಲಿ ನಮ್ಮಜ್ಜಿ ದಿನಾ ಬೆಳಿಗ್ಗೆ ಕೇಳುತ್ತಿದ್ದಳು,
"ಹೊರಕಡಿಗಿ ಹೋಗಿ ಬಂದಿ?"
ನಮ್ಮ ಮಾತಿನಲ್ಲಿ ಇದರ ಹೆಸರೇ ಹೊರಗೆ ಹೋಗುವುದು.
ನಲವತ್ತೊಂಬತ್ತು ವರ್ಷದಿಂದ ತಾನಾಗಿ ಎದ್ದು ಹೊಸಿಲು ದಾಟದವನ
ಬೆನ್ನ ಹಿಂದೆ ಕೂತಾಗ
ಆ ಪದ ನಾಲಿಗೆಗೆ ಕಲ್ಲಿನಂತೆ ಸಿಗುತ್ತದೆ.

ಬೆರಳು ಮೆಲ್ಲಗೆ ಸುತ್ತುತ್ತದೆ,
ಎಳೆಗೂಸಿನ ಕಿವಿಗೆ ಓಲೆ ಹಾಕುವಷ್ಟು ಜೋಪಾನ.
ಅವನಿಗೆ ಅದೇನೂ ತಿಳಿಯುವುದಿಲ್ಲ,
ಗಾಯವಾದರೂ ತಿಳಿಯುವುದಿಲ್ಲ, ಅದಕ್ಕೇ.

ಮೂವತ್ತೆಂಟು ವರ್ಷ ಇದು ಡೋರೀನಳ ಕೆಲಸ.
ಈಗ ಅವಳ ಬೆರಳು ಶುಂಠಿಬೇರು, ಗವಸಿಗೆ ಹೋಗುವುದಿಲ್ಲ.
ಮೊದಲ ದಿನ ಬಾಗಿಲಲ್ಲೇ ತಡೆದು
"ಉಗುರು ತೋರಿಸು" ಅಂದಿದ್ದಳು.
ಈಗ ಅಡಿಗೆಮನೆಗೆ ಹೋಗಿ ರೇಡಿಯೋ ಜೋರು ಮಾಡುತ್ತಾಳೆ.

ಫೆಬ್ರವರಿಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದ.
ಎದೆಗೆ ಔಷಧಿ ಕೊಟ್ಟರು, ಚೆನ್ನಾಗಿಯೇ ನೋಡಿದರು.
ಕೆಳಗಿನ ಕೆಲಸಕ್ಕೆ ಮಾತ್ರ ವಾರ್ಡಿನಲ್ಲಿ ಕಲಿತವರಿರಲಿಲ್ಲ.
"ನಾಳೆ ಕೇಳೋಣ" ಅಂದರು. ನಾಲ್ಕು ನಾಳೆಗಳಾದವು.
ಐದನೆಯ ದಿನ ಹಣೆಯೆಲ್ಲ ಬೆವರು, ಕತ್ತು ಕೆಂಪು ಕೆಂಪು,
ತಲೆಯೊಳಗೆ ಸುತ್ತಿಗೆ.
ಎಂದೂ ನೂರರ ಆಚೀಚೆ ಇರುವ ರಕ್ತದೊತ್ತಡ ಇನ್ನೂರೆಂಟು.
ಪ್ಯಾರಾಸಿಟಮಾಲ್ ಕೊಟ್ಟರಂತೆ.

ಡೋರೀನ್ ಫೋನು ಮಾಡಿದಳು.
ರಜೆಯ ದಿನ, ಒದ್ದೆ ತಲೆಯಲ್ಲೇ ಓಡಿದೆ.
ಅವನ ಪರ್ಸಿನೊಳಗಿನ ಮಡಿಕೆ ಬಿದ್ದ ಕಾರ್ಡನ್ನು
ಡಾಕ್ಟರಳ ಮುಂದೆ ಹಿಡಿದೆ: ಇದನ್ನು ಓದಿ, ಈಗಲೇ.
ಓದಿದಳು; ಮುಖ ಬಿಳಿಚಿತು; ಓಡಿಹೋಗಿ ಮಾತ್ರೆ ತಂದಳು.
ಎತ್ತಿ ಕೂರಿಸಿದೆವು. ಮೂತ್ರದ ನಳಿಕೆ ಸರಿ ಇತ್ತು.
ಉಳಿದದ್ದು ಒಂದೇ.
ಕಿಂಗ್ಸ್‌ಲಿ ಎಂಬ ಹೊಸ ನರ್ಸು, ನೈಜೀರಿಯಾದ ಹುಡುಗ,
"ನಾನು ಮಾಡ್ತೀನಿ, ಹೇಳಿಕೊಡಿ" ಅಂದ.
ಬೆರಳು ಅವನದು, ಮಾತು ನನ್ನದು.
"ಉಗುರು ತೋರಿಸು" ಅಂದೆ ಮೊದಲು.

ಅರ್ಧ ಗಂಟೆಗೆ ನೂರಾ ಹದಿನಾಲ್ಕು.
ಟ್ರೆವರ್ ಕಣ್ಣುಬಿಟ್ಟು ಅಂದದ್ದು ಇಷ್ಟೇ:
"ಇಡೀ ಊರಿನ ಮುಂದೆ ಭಿಕ್ಷೆ ಬೇಡಿದ ಹಾಗಾಯ್ತು ಶ್ಯಾರನ್, ಒಂದು ಹೇಲಿಗೆ."
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ದಿಂಬು ಸರಿಮಾಡಿದೆ.

ಈಗ ಮತ್ತೆ ಮನೆ, ಮತ್ತೆ ಏಳು ಇಪ್ಪತ್ತು.
ಕಾಯುತ್ತೇವೆ ಇಬ್ಬರೂ, ಕಿವಿಗೊಟ್ಟು.
ಹೋದ ವಾರ ಡೋರೀನ್ ಕಾಗದ ಸುತ್ತಿ ದಂಟು ಕೊಟ್ಟಳು,
ಕೆಂಪಗೆ, ಮೊಳದುದ್ದ.
ಬೇಳೆಯ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ;
ನಮ್ಮ ಪುಂಡಿಪಲ್ಯದ್ದೇ ಹುಳಿ.

ಒರೆಸಿ, ಒಣಗಿಸಿ, ಚಾರ್ಟಿನಲ್ಲಿ ನಾಲ್ಕನೇ ಬಗೆ ಎಂದು ಬರೆದು
ನಲ್ಲಿ ತಿರುಗಿಸುತ್ತೇನೆ.
ನೀರಿನ ಸದ್ದು ಕೇಳಿದ್ದೇ ಅಡಿಗೆಮನೆಯ ರೇಡಿಯೋ ತಗ್ಗುತ್ತದೆ.
"ಆಯ್ತು" ಎಂದು ಕೂಗುತ್ತೇನೆ ಕನ್ನಡದಲ್ಲೇ.
"ಆಯ್ತೂ" ಎನ್ನುತ್ತಾಳೆ ಡೋರೀನ್ ಆ ಕಡೆಯಿಂದ,
ಒಲೆಯ ಮೇಲೆ ಎರಡನೇ ಚಹಾಕ್ಕೆ ನೀರಿಡುತ್ತ.