ಬೀಳುವ ಪಾಠ

ಲಿಂಗರಾಜಪುರದಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿ.
ನೆಲಕ್ಕೊಂದು ಹಾಸಿಗೆ, ಗೋಡೆಗೊಂದು ಚಾರ್ಟು,
ಮೇಜಿನ ಮೇಲೆ ಸೋಪಿನ ಡಬ್ಬಿಯಷ್ಟು ಬಿಳಿ ಪೆಟ್ಟಿಗೆ.
ಕೊರಳಿಗೆ ಹಾಕುವ ಗುಂಡಿ ಎಲ್ಲರ ಕೈ ದಾಟಿ
ನನ್ನ ತನಕ ಬರುವಷ್ಟರಲ್ಲಿ ಬೆಚ್ಚಗಾಗಿತ್ತು.

"ಬಿದ್ದರೆ ಇದಕ್ಕೆ ತಾನೇ ಗೊತ್ತಾಗುತ್ತೆ," ಅಂದರು ಸಂಪತ್ ಸರ್.
"ಯಾರು ಬೀಳ್ತೀರಿ?"
ಯಲ್ಲವ್ವ ಎದ್ದಳು, ಸೆರಗು ಸಿಕ್ಕಿಸಿದಳು.
ದೇವದುರ್ಗದವಳು, ಹನ್ನೊಂದು ವರ್ಷ
ಬಾಣಸವಾಡಿಯ ಮನೆಗಳಲ್ಲಿ ಮುದುಕರ ಮೈ ಒರೆಸಿದವಳು.

ಧೊಪ್ಪನೆ ಬಿದ್ದಳು. ಪೆಟ್ಟಿಗೆ ಕೂಗಿತು. ಚಪ್ಪಾಳೆ.
ಇನ್ನೊಮ್ಮೆ ಬಿದ್ದಳು. ಕೂಗಿತು.
"ಹಿಂಗ ಯಾರೂ ಬೀಳಂಗಿಲ್ರೀ," ಅಂದಳು,
"ಸಿನಿಮಾದಾಗ ಬೀಳ್ತಾರ."
ಆಮೇಲೆ ಪರದೆ ಹಿಡಿದು, ಪರದೆ ಬಿಟ್ಟು ಗೋಡೆ ಹಿಡಿದು,
ಗೋಡೆಗೆ ಬೆನ್ನು ಸವರುತ್ತ ಸವರುತ್ತ
ಒದ್ದೆ ಸೀರೆ ಹಗ್ಗದಿಂದ ಜಾರಿದ ಹಾಗೆ
ನೆಲಕ್ಕಿಳಿದಳು.

ಪೆಟ್ಟಿಗೆ ಸುಮ್ಮನಿತ್ತು.
ಕೆಳಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.

ಸರ್ ಗುಂಡಿಯನ್ನೂ ನೋಡಿದರು, ಅವಳನ್ನೂ ನೋಡಿದರು.
ಅವರ ಪುಸ್ತಕದಲ್ಲಿ ಈ ಬೀಳುವಿಕೆಗೆ ಪುಟ ಇರಲಿಲ್ಲ.
"ಆಗ ಕೈಯಲ್ಲೇ ಒತ್ತಬೇಕು," ಅಂದರು.

ಮಧ್ಯಾಹ್ನ ನನ್ನ ಸರದಿ. ಪಕ್ಕದ ಕೋಣೆ,
ಕಿವಿಗೆ ಹೆಡ್‌ಫೋನು, ಎದುರಿಗೆ ಓದಬೇಕಾದ ಹಾಳೆ:
"ನಮಸ್ಕಾರ. ತಮಗೆ ಪೆಟ್ಟಾಗಿದೆಯೇ? ಸಹಾಯ ಬೇಕೇ?"
ಆ ಕಡೆ ಯಲ್ಲವ್ವ, ಎಂಬತ್ತರ ದನಿ ಮಾಡಿಕೊಂಡು:
"ಏನಿಲ್ಲವಾ. ಸುಮ್ನ ಕುಂತೀನಿ. ನೀ ಉಂಡ್ಯಾ?"
ಉಂಡೆ ಅಜ್ಜಿ, ಅಂದೆ.
'ತೊಂದರೆ ಇಲ್ಲ' ಎಂಬ ಚೌಕಕ್ಕೆ ಗೀಟು ಹಾಕಿದೆ.
ನಲವತ್ತು ಸೆಕೆಂಡು. ಚುರುಕು ಹುಡುಗಿ ಅಂತ ಹೊಗಳಿದರು.

ಬಾಗಿಲು ದಾಟಿ ಬಂದರೆ
ಇನ್ನೂ ನೆಲದ ಮೇಲೇ ಇದ್ದಾಳೆ, ಒಂದು ಕಾಲು ಮಡಿಚಿ.
"ಸತ್ತೆ ನಾ," ಅಂದಳು ನಗುತ್ತ.
"ಬಿದ್ದವ್ರು ಬಿದ್ದೆ ಅನ್ನಂಗಿಲ್ಲ, ಶಾಹೀನಾ.
ಮಗಳಿಗೆ ಫೋನ್ ಹೋಗ್ತದ, ಆಕಿ ಬೈತಾಳ,
ಬಾತ್‌ರೂಮಿಗೂ ಒಬ್ಬರನ್ನ ಬಿಡಂಗಿಲ್ಲ ನಾಳಿಯಿಂದ.
ಅದಕ್ಕ ನಿನ್ನ ಊಟ ಕೇಳ್ತಾರ."

ಮತ್ತೆ ಹೋಗಿ ಕೂತೆ.
ಹಾಳೆಯನ್ನು ಬೋರಲು ಹಾಕಿದೆ.
"ಅಜ್ಜಿ, ಎಲ್ಲಿ ಕೂತಿದೀರ? ಕುರ್ಚಿ ಮೇಲಾ, ನೆಲದ ಮೇಲಾ?"

ಉತ್ತರವಿಲ್ಲ.
ಕೆಳಗೆ ಪಂಪು ನಿಂತಿತ್ತು.
ನಲವತ್ತು ಸೆಕೆಂಡು ಯಾವಾಗಲೋ ಕಳೆದಿತ್ತು.
ಕಾದೆ.

"ನೆಲ ಭಾಳ ಥಣ್ಣಗದವಾ,"
ಅಂದಿತು ದನಿ.